ಕಂಪ್ಲಿಗೆ ಹೋಗಿ ತಂದ ಹಾಳೆಗಳು

ಬೆಳಗ್ಗೆ ಸಂಡೂರು ಕಡೆಯ ನಮ್ಮೂರು ವಡ್ಡುವಿನಿಂದ ಅದಿರಿನ ಲಾರಿ ಹತ್ತಿ ಹೊಸಪೇಟೆಗೆ ಬಂದೆ. ನಾನೂ ಟಿಪ್ಪರ್ ಓಡಿಸುವವನೇ, ಅವತ್ತು ರಜೆ. ಇಳಿಯುವಾಗ ಬಿಳಿ ಅಂಗಿ ಕೆಂಪಾಗಿತ್ತು. ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದು ಹಂಪಿ ಬಸ್ ಹಿಡಿದೆ.

ಗುಡಿ ನೋಡಲು ಹೊರಟವನಲ್ಲ. ನನಗೆ ಹಳೆಯ ನಾಣ್ಯದ ಹುಚ್ಚು. ಹೊಸಪೇಟೆಯ ಪಾತ್ರೆ ಅಂಗಡಿಯಲ್ಲಿ ಕೊಂಡ ಒಂದು ತಾಮ್ರದ ಕಾಸು ನನ್ನ ಹತ್ತಿರವಿದೆ. ಅದರ ಮೇಲೆ ಒಂದು ಎತ್ತಿನ ಚಿತ್ರ. ಅದು ಯಾವ ಕಾಲದ್ದೆಂದು ಯಾರೂ ಹೇಳಲಿಲ್ಲ. ವಿಜಯನಗರದ ನಾಣ್ಯಗಳ ಹಳೆಯ ಪುಸ್ತಕವೊಂದು ಬಂದಿದೆ ಎಂದು ಹಂಪಿ ಬಜಾರಿನ ಪುಸ್ತಕದಂಗಡಿ ರಾಜಣ್ಣ ಫೋನ್ ಮಾಡಿದ್ದ. ರಾತ್ರಿ ನಿದ್ದೆ ಬಂದಿರಲಿಲ್ಲ.

ಪುಸ್ತಕ ದಪ್ಪಗಿತ್ತು. ಪೂರ್ತಿ ಇಂಗ್ಲಿಷ್. ತೆಗೆದು ನೋಡಿದರೆ ಕೊನೆಯ ಚಿತ್ರದ ಹಾಳೆಗಳೇ ಇಲ್ಲ, ಬ್ಲೇಡಿನಿಂದ ಕೊಯ್ದಿದ್ದರು.

"ಇಂಗ್ಲಿಷ್ ಬರ್ತತೇನಲೇ ನಿನಗ?" ಎಂದ ರಾಜಣ್ಣ.

"ಇಲ್ಲ."

"ಓದಾಕ ಬರಂಗಿಲ್ಲ, ಚಿತ್ರ ಇಲ್ಲ. ತಲಿದಿಂಬು ಮಾಡ್ಕೊಂತಿಯೇನು?"

ಕೊಂಡೆ. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ನಾಣ್ಯವನ್ನು ಚಿತ್ರದ ಪಕ್ಕ ಇಟ್ಟು ನೋಡಿದರೆ ಮಾತ್ರ ನನಗೆ ತಿಳಿಯುತ್ತದೆ. ಚಿತ್ರವಿಲ್ಲದಿದ್ದರೆ ಈ ಪುಸ್ತಕ ನನಗೆ ನಿಜವಾಗಿಯೂ ದಿಂಬೇ. ಮೊದಲ ಪುಟದಲ್ಲಿ ಒಬ್ಬ ಮೇಷ್ಟ್ರ ಹೆಸರು, ಕೆಳಗೆ 'ಕೋಟೆ, ಕಂಪ್ಲಿ' ಎಂದಿತ್ತು. ಕೊಯ್ದ ಹಾಳೆಗಳು ಅಲ್ಲೇ ಇರಬಹುದೆಂದು ಕಮಲಾಪುರಕ್ಕೆ ಆಟೋದಲ್ಲಿ ಹೋಗಿ ಕಂಪ್ಲಿ ಬಸ್ ಹತ್ತಿದೆ. ಕೂರಲು ಜಾಗವಿರಲಿಲ್ಲ. ದಾರಿಯುದ್ದಕ್ಕೂ ಭತ್ತ, ಬಾಳೆ, ಕಬ್ಬು. ಸಂಡೂರಿನ ಕೆಂಪು ನೋಡಿ ಸಾಕಾದ ಕಣ್ಣಿಗೆ ಹಸಿರು ಹಿತವಾಗಿತ್ತು, ಆದರೆ ತಲೆಯಲ್ಲಿ ಬ್ಲೇಡೇ ಓಡುತ್ತಿತ್ತು.

ಮನೆ ಸಿಕ್ಕಿತು. ಮೇಷ್ಟ್ರು ತೀರಿಕೊಂಡಿದ್ದರು. ಅವರ ಹೆಂಡತಿ ಗೌರಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಪುಸ್ತಕ ತೋರಿಸಿ ಕೇಳಿದೆ.

"ನಾನೇ ಕೊಯ್ದಿದ್ದು. ರದ್ದಿಯವಗ ಕೊಡೂಮುಂದ ನೋಡಿದ್ರ ಹಾಳಿ ತುಂಬ ದೇವರು. ಶಿವ, ಪಾರ್ವತಿ, ನರಸಿಂಹ. ದೇವರನ್ನ ರದ್ದಿಗೆ ಹಾಕ್ತಾರೇನು? ಮಿರ್ಚಿ ಕಟ್ಟಿಕೊಟ್ಟು ಕಾಲಾಗ ತುಳಿತಾರ."

"ಈಗ ಎಲ್ಲದಾವ್ರಿ ಅಮ್ಮ?"

"ಹಳೀ ಕ್ಯಾಲೆಂಡರ್ ಜೊತಿ ಕಟ್ಟಿಟ್ಟಿದ್ದೆ. ಹೊಳಿಗೆ ಬಿಟ್ಟು ಬಾ ಅಂತ ಈಗ ಸೊಸಿ ಕೈಯಾಗ ಕೊಟ್ಟು ಕಳಿಸೇನಿ. ಶಾಂತಾ ಅಂತ. ಹಸಿರು ಸೀರಿ."

ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಹೊಳೆಯ ಮೆಟ್ಟಿಲ ಮೇಲೆ ಹಸಿರು ಸೀರೆಯವರೊಬ್ಬರು ಬಟ್ಟೆ ಒಗೆಯುತ್ತಿದ್ದರು.

"ಅಕ್ಕಾರ, ಬಿಟ್ರೇನು?"

"ಏನು?"

"ದೇವರನ್ನ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಟ್ಟಿ ಒಗದು, ಮೈ ತೊಳಕೊಂಡು ಬಿಡಬೇಕ್ರಿ. ಮೈಲಿಗಿ ಕೈಲೆ ಯಾರು ಬಿಡ್ತಾರ? ನೀವು ಯಾರು?"

"ಸಂಡೂರು ಕಡಿಯವ."

"ಸಂಡೂರಾಗ ದೇವರಿಲ್ಲೇನು, ಇಲ್ಲಿ ತನಕ ಓಡಿ ಬಂದೀರಿ?"

ಕಟ್ಟು ಮೇಲಿನ ಮೆಟ್ಟಿಲಲ್ಲಿ ಕಲ್ಲಿನ ಕೆಳಗಿತ್ತು. ಒಣಗಿತ್ತು. ಆದರೆ ಅತ್ತೆ ಹೇಳದೆ ಕೊಡುವುದಿಲ್ಲ ಎಂದರು ಶಾಂತಕ್ಕ. ಬಟ್ಟೆ ಮುಗಿಯುವ ತನಕ ಕೂತೆ. ಆಮೇಲೆ ಬಕೆಟ್ ನಾನು ಹೊತ್ತೆ, ದೇವರನ್ನು ಅವರು ಹೊತ್ತರು.

ಗೌರಮ್ಮ ಹಾಳೆಗಳನ್ನು ಕೈಬಿಡಲಿಲ್ಲ. "ತಗೊಂಡು ಏನ್ ಮಾಡ್ತಿ? ನೀನೂ ನಾಳೆ ರದ್ದಿಗೆ ಹಾಕಾವ."

ಬೀಡಿ ಡಬ್ಬಿಯಿಂದ ಕಾಸು ತೆಗೆದು ಅವರ ಅಂಗೈಗಿಟ್ಟೆ. ಸೆರಗಿನಿಂದ ಒರೆಸಿ, ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಬಸವಣ್ಣ."

"ಹೌದ್ರಿ. ಯಾವ ರಾಜನ ಬಸವಣ್ಣ ಅಂತ ಗೊತ್ತಾಗವಲ್ದು. ಹಾಳಿ ಕೊಟ್ರ ಪುಸ್ತಕಕ್ಕ ವಾಪಸ್ ಹೊಲಿಸ್ತೀನಿ."

ಅವರು ಎದ್ದು ಒಳಗೆ ಹೋದರು. ಮುಗಿಯಿತು ಅಂದುಕೊಂಡೆ. ಕುಂಕುಮದ ಬಟ್ಟಲು ಹಿಡಿದು ಬಂದರು. ಒಂದೊಂದು ಹಾಳೆಗೂ ಒಂದೊಂದು ಬೊಟ್ಟು.

"ಬ್ಯಾಡ್ರಿ ಅಮ್ಮ, ಕಲೆ ಆಗ್ತತಿ."

"ಮನಿ ಬಿಟ್ಟು ಹೊಂಟಾವ. ಬರೀ ಹಣಿಲೆ ಕಳಿಸಲೇನು?"

ಚಹಾ ಕುಡಿಸಿಯೇ ಬಿಟ್ಟರು. ಹೊಸಪೇಟೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹಾಳೆಗಳನ್ನು ತೊಡೆಯ ಮೇಲಿಟ್ಟು ಒಂದೊಂದೇ ತಿರುಗಿಸಿದೆ. ಆನೆ ಬಂತು, ಗರುಡ ಬಂದ. ಐದನೆಯ ಹಾಳೆಯಲ್ಲಿ ಎತ್ತು. ಗೌರಮ್ಮನ ಬೊಟ್ಟು ಸರಿಯಾಗಿ ಅದರ ಮುಖದ ಮೇಲೆ ಬಿದ್ದಿತ್ತು.

ಕಾಸನ್ನು ಪಕ್ಕಕ್ಕಿಟ್ಟೆ. ಅದೇ ಡುಬ್ಬ. ಮಡಿಸಿದ ಅದೇ ಮುಂಗಾಲು, ಬೆನ್ನಿನ ಮೇಲೆ ತಿರುಗಿದ ಅದೇ ಬಾಲ. ಚಿತ್ರದ ಕೆಳಗೆ ಹದಿನೇಳು ಎಂದು ಅಂಕಿ. ಅಂಕಿ ನನಗೆ ಬರುತ್ತದೆ. ಪುಸ್ತಕದಲ್ಲಿ ಹದಿನೇಳು ಹುಡುಕಿ, ಅಲ್ಲಿದ್ದ ನಾಲ್ಕು ಸಾಲನ್ನು ಪಕ್ಕದಲ್ಲಿ ಕೂತ ಕಾಲೇಜು ಹುಡುಗಿಯ ಮುಂದೆ ಹಿಡಿದೆ.

"ದೇವರಾಯ ಅಂತ ಐತ್ರಿ," ಎಂದಳು. ಆಮೇಲೆ ಹಾಳೆ ನೋಡಿ, "ಮುಖಕ್ಕ ಏನೋ ಹತ್ತೇತಿ ನೋಡ್ರಿ, ಒರಸ್ರಿ."

"ಇರ್ಲಿ ಬಿಡು," ಎಂದೆ.