ಕಾಫಿಯ ಪಂಪು ಮತ್ತು ಮಾವನವರ ಕಿವಿ

ಮೊನ್ನೆ ಹರಪನಹಳ್ಳಿಯ ತಂಗಿಯ ಮನೆಗೆ ಹೋಗಿದ್ದೆ. ಅವಳ ಅಡುಗೆಮನೆಗೂ ಈಗ ಎಸ್ಪ್ರೆಸೊ ಯಂತ್ರ ಬಂದಿದೆ. ಗುಂಡಿ ಒತ್ತಿದಳು, ಅದು ಗರ್ರ್ ಎಂದಿತು, ನನ್ನ ಕೈ ತಾನಾಗಿಯೇ ಗೋಡೆಯ ಸ್ವಿಚ್ಚಿನತ್ತ ಹೋಯಿತು. "ಅಕ್ಕಾ, ಅದ್ಯಾಕೆ ಆರಿಸ್ತಿ?" ಎಂದು ಕೈ ಹಿಡಿದಳು. ಅದು ನಮ್ಮ ಮಾವನವರಿಂದ ಅಂಟಿದ ಚಟ.

ನಮ್ಮದು ಕೊಟ್ಟೂರಿನಲ್ಲಿ ಬೋರ್‌ವೆಲ್ ಮೋಟಾರು ಮಾರುವ ಮನೆ. ಇಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಒಂದು ನಿಯಮ ಬರುತ್ತದೆ: ಮೋಟಾರು ಸದ್ದು ಮಾಡುತ್ತಿದ್ದು ನೀರು ಬಾರದಿದ್ದರೆ ಮೊದಲು ಬಂದ್ ಮಾಡು, ಆಮೇಲೆ ಯೋಚಿಸು. ಇಲ್ಲದಿದ್ದರೆ ಕಾಯಿಲ್ ಸುಡುತ್ತದೆ. ಮಾವ ಊಟವಾದ ಮೇಲೆ ಗೊರಕೆ ಹೊಡೆಯುತ್ತಿದ್ದರೂ ಪಕ್ಕದ ಮನೆಯ ಮೋಟಾರು ಬರಿದೇ ಓಡಿದರೆ ಎದ್ದು ಕೂಗುತ್ತಾರೆ.

ನೋಡಿ, ಅಂಥ ಮನೆಗೆ ಮೈದುನ ಕೊಟ್ರೇಶ ಎಸ್ಪ್ರೆಸೊ ಯಂತ್ರ ತಂದ. ಮಾವ ಮೋಟಾರಿನ ಅಂಗಡಿಯ ಮುಂದಿನ ಅರ್ಧ ಬಿಟ್ಟುಕೊಟ್ಟರೆ ಕಾಲೇಜಿನ ಹುಡುಗರಿಗೆ ಕಾಫಿ ಮಾರುವ ಆಸೆ ಅವನದು. ಮಾವನವರದು ಒಂದೇ ಮಾತು: "ಮೊದ್ಲು ನನಗ ಒಂದ್ ಕಪ್ ಕುಡಿಸ್ಲೇ. ಆಮ್ಯಾಲೆ ಜಾಗದ ಮಾತು."

ಆ ಒಂದು ಕಪ್ಪು ಹುಟ್ಟಲೇ ಇಲ್ಲ. ಅದರೊಳಗಿನ ಪಂಪು ಕಂಪಿಸುವ ಜಾತಿಯದು. ಸಣ್ಣ ಪಿಸ್ಟನ್ನೊಂದು ಹಿಂದೆ ಮುಂದೆ ಕುಣಿಯುತ್ತ ನೀರನ್ನು ಗುಟುಕು ಗುಟುಕಾಗಿ ನೂಕುತ್ತದೆ. ಒತ್ತಿ ತುಂಬಿದ ಕಾಫಿಪುಡಿ ಅಡ್ಡ ನಿಂತಿರುವುದರಿಂದ ಒತ್ತಡ ಏರಲು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಬರೀ ಸದ್ದು. ಅಷ್ಟರಲ್ಲಿ ಮಾವ ಪಡಸಾಲೆಯಿಂದ ಓಡಿಬಂದು ಸ್ವಿಚ್ ಆರಿಸಿರುತ್ತಿದ್ದರು.

"ಯಪ್ಪಾ, ಪ್ರೆಶರ್ ಏರಾಕ ಹತ್ತಿತ್ತು!"

"ಏನ್ ಏರ್ತೈತಲೇ? ಹನಿ ನೀರಿಲ್ಲ, ಮೋಟ್ರು ಬಾಯಿ ಬಾಯಿ ಬಡ್ಕೊಳ್ಳಾಕ ಹತ್ತೈತಿ."

ಕಪ್ಪಿನ ತಳದಲ್ಲಿ ಕೆಸರಿನಂಥ ಒಂದೆರಡು ಹನಿ. ಯಂತ್ರ ನೋಡಲು ತಂಬ್ರಹಳ್ಳಿಯಿಂದ ಬಂದ ಚಿಕ್ಕಮಾವ, ಹೊಸ ಬೋರಿನ ನೀರು ಅಳೆಯುವವರಂತೆ ಕಪ್ಪಿನೊಳಗೆ ಇಣುಕಿ, "ಎಷ್ಟ್ ಇಂಚ್ ಬಿತ್ತಪಾ?" ಎಂದರು. ಮತ್ತೆ ತಾವೇ ಮೈದುನನ ಬೆನ್ನು ಸವರಿ, "ಹೋಗ್ಲಿ ಬಿಡು, ಬ್ಯಾರೆ ಕಡಿ ಪಾಯಿಂಟ್ ನೋಡ್ಸು" ಎಂದು, ಬೋರಿನಲ್ಲಿ ನೀರು ಬೀಳದ ರೈತನಿಗೆ ಹೇಳುವಂತೆ ಸಂತೈಸಿದರು.

ಕೊಟ್ರೇಶನ ಮುಖ ದಿನೇದಿನೇ ಸಣ್ಣದಾಯಿತು. "ಅತ್ತಿಗಿ, ನಾ ಸಾಯೋತನಕ ಮೋಟ್ರಿನ ಕೇಬಲ್ ಅಳತಿ ಮಾಡ್ಕೊಂತ ಕೂಡ್ಬೇಕೇನು?" ಎಂದ. ಹಿರಿಯರ ಮಾತಿನ ನಡುವೆ ಬಾಯಿ ಹಾಕಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಚೆನ್ನಾಗಿ ಕಲಿಸಿದ್ದರು. ಹಾಕಲೇಬೇಕಾದಾಗ ಹೇಗೆ ಎಂಬುದು ಮಾತ್ರ ಪಾಠದಲ್ಲಿರಲಿಲ್ಲ. ಸೆರಗು ಸರಿಮಾಡಿಕೊಂಡು ಕೇಳಿಯೇಬಿಟ್ಟೆ:

"ಮಾವಾರ, ಗೇಟ್ ವಾಲ್ವ್ ಬಂದ್ ಮಾಡಿ ಮೋಟ್ರು ಹಚ್ಚಿದ್ರ ಏನಾಕ್ಕತಿರಿ?"

"ಹೊರಗ ನೀರು ಬರಂಗಿಲ್ಲವ್ವಾ. ಒಳಗ ಪ್ರೆಶರ್ ಏರ್ತೈತಿ."

"ಈ ಪುಡಿನೂ ಅರ್ಧ ಮುಚ್ಚಿದ ವಾಲ್ವ್ ಇದ್ದಂಗ ರೀ."

ಮಾವ ಮೊದಲ ಬಾರಿಗೆ ಯಂತ್ರವನ್ನು ಬಗ್ಗಿ ನೋಡಿದರು. ಕೊಟ್ರೇಶ ಗುಂಡಿ ಒತ್ತಿದ. ಗರ್ರ್! ಮಾವ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡರು, ಬೆರಳುಗಳು ಒದ್ದಾಡುತ್ತಿದ್ದವು. ಕೊನೆಗೆ ಶಾವಿಗೆಯ ಎಳೆಯಂತೆ ಕಂದು ಧಾರೆ ಇಳಿಯಿತು. ಮಾವ ಸಕ್ಕರೆ ಸುರಿದು, ಬಸಿಯಲ್ಲಿ ಆರಿಸಿಕೊಂಡು, ಸುರ್ರೆಂದು ಕುಡಿದರು.

"ಈ ಪಂಪಿಗೆ ಜಾಗ ಕೊಡಂಗಿಲ್ಲ" ಎಂದರು. "ಇಷ್ಟ್ ಒದರಿದ್ರ ಗಿರಾಕಿ ಕೂಡ್ತಾರೇನಲೇ? ಹಚ್ಚಿದ ಕೂಡ್ಲೆ ಪ್ರೆಶರ್ ಕೊಟ್ಟು, ಬಾಯಿ ಮುಚ್ಕೊಂಡು ಓಡೋದು ಸಿಗಂಗಿಲ್ಲೇನು?"

"ಸಿಗ್ತೈತಿ ಯಪ್ಪಾ, ರೋಟರಿ ಪಂಪು. ಆದ್ರ ದೊಡ್ಡದು, ಜಾಗ ಭಾಳ ಬೇಕು."

"ಮುಂದಿನ ಅರ್ಧ ಸಾಲಂಗಿಲ್ಲೇನು?"

ಈಗ ಅಂಗಡಿಯ ಮುಂಭಾಗದಲ್ಲಿ ರೋಟರಿ ಪಂಪು ಗುಂಡಿ ಒತ್ತಿದೊಡನೆ ಒತ್ತಡ ಏರಿಸಿ, ಸದ್ದಿಲ್ಲದೆ ಓಡುತ್ತದೆ. ಸದ್ದೆಲ್ಲ ಮಾವನವರದೇ. ಮೋಟಾರು ಕೊಳ್ಳಲು ಬಂದ ಗುಡೇಕೋಟೆಯ ಗೌಡರು ನಿನ್ನೆ ಕಾಫಿಯ ಕಹಿಗೆ ಮುಖ ಕಿವುಚಿದಾಗ, ಮಾವ ಅವರ ತೋಳು ಹಿಡಿದು ಯಂತ್ರದ ಹಿಂದಕ್ಕೆ ಎಳೆದೊಯ್ದರು:

"ಕಾಫಿ ಒತ್ತಟ್ಟಿಗಿರ್ಲಿ ಗೌಡ್ರ, ಪಂಪ್ ನೋಡ್ರಿ!"