ಕಾರೆ ಗಿಡದ ಎತ್ತರ

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಮೊದಲ ಹೆಜ್ಜೇನು ಅವರ ಹೆಬ್ಬೆರಳಿನ ಮೇಲೆ ಬಂದು ಕೂತಿತು. ಉಗುರಿನ ಸುತ್ತ ಗೋಂದು ಒಣಗಿ ಸಿಪ್ಪೆ ಎದ್ದಿದ್ದ, ಮುಳ್ಳು ಗೀರಿ ಗೀರಿ ಕಪ್ಪಾಗಿದ್ದ ಹೆಬ್ಬೆರಳು.

ಮಂಡ್ಯದ ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಅವರು ಅಟೆಂಡರು. ನಾವು ವಿದ್ಯಾರ್ಥಿಗಳೆಲ್ಲ ಅಣ್ಣ ಎನ್ನುತ್ತಿದ್ದೆವು. ಕಾಡುಗಿಡದ ರೆಂಬೆಗಳನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ವಿವರದ ಚೀಟಿ ಹಚ್ಚಿ ಬೀರುವಿನಲ್ಲಿಡುವುದು ಅವರ ಕೆಲಸ. ಓದಿದ್ದು ಏಳನೇ ತರಗತಿ. ಆದರೆ ಚೀಟಿಯಲ್ಲಿ ಗಿಡದ ಎತ್ತರ ಇರದಿದ್ದರೆ ಮೇಷ್ಟ್ರು ತಂದದ್ದನ್ನೂ ಬೀರುವಿಗೆ ಸೇರಿಸುತ್ತಿರಲಿಲ್ಲ. “ಹಾಳೆ ಮ್ಯಾಲೆ ಎಲ್ಲಾ ಗಿಡವೂ ಒಂದೇ ಮೊಳ ಕಣಮ್ಮ. ಗಿಡದ ಪಕ್ಕ ನಿಂತ್ಕಂಡೇ ಬರೀಬೇಕು.”

ಅವತ್ತು ಅಣ್ಣನೂ ನಾನೂ ಮಳವಳ್ಳಿ ಕಡೆಯ ಬಂಡೆಗುಡ್ಡದಿಂದ ಹೂಬಿಟ್ಟ ಕಾರೆ ಮುಳ್ಳುಗಿಡದ ರೆಂಬೆ ತೆಗೆದುಕೊಂಡು ಇಳಿದು ಬಸ್ಸಿಗೆ ಕಾಯುತ್ತಿದ್ದೆವು. ಅವರು ಚೀಟಿ ಕೇಳಿ ನೋಡಿದರು. ಎತ್ತರ ಬರೆಯುವುದನ್ನು ನಾನು ಮರೆತಿದ್ದೆ.

“ಆಳೆತ್ತರ ಅಂತ ಬರೆದುಬಿಡ್ತೀನಿ ಅಣ್ಣ.”

“ಯಾವ್ ಆಳು? ನೀನಾ, ನಾನಾ?” ನಕ್ಕರು. “ಅಂದಾಜ್ನಾಗೆ ಬರಿಯಂಗಿದ್ರೆ ಮನೇಲೇ ಮುದ್ದೆ ಉಂಡ್ಕಂಡು ಬರೀಬೋದಿತ್ತು. ನಡಿ.”

ಮತ್ತೆ ಹತ್ತಿದೆವು. ಅವರು ಟೇಪಿನ ತುದಿಯನ್ನು ಗಿಡದ ನೆತ್ತಿಗೆ ಹಿಡಿದಿದ್ದರು. ಮೇಲಿನ ಬಂಡೆಯ ಜೇನನ್ನು ಹದ್ದು ಕೆಣಕಿತ್ತೋ ಏನೋ, ನೋಡುವಷ್ಟರಲ್ಲಿ ಸುತ್ತ ಕಪ್ಪಾಯಿತು. ನನ್ನನ್ನು ನೆಲಕ್ಕೆ ತಳ್ಳಿ, ಗಿಡ ಸುತ್ತುವ ಗೋಣಿತಾಟು ಹೊದಿಸಿ, ಅದರ ಅಂಚುಗಳನ್ನು ಎರಡೂ ಕೈಯಲ್ಲಿ ನೆಲಕ್ಕೆ ಒತ್ತಿ ಹಿಡಿದು ಕೂತರು.

“ಅಲ್ಲಾಡ್ಬ್ಯಾಡ ಕಣಮ್ಮ. ಓಯ್ತವೆ, ಓಯ್ತವೆ.”

ಆ ದನಿ ಸಣ್ಣಗಾಗುತ್ತಾ ಹೋದದ್ದು ಈಗಲೂ ಕೇಳಿಸುತ್ತದೆ.

ಆಸ್ಪತ್ರೆಯಲ್ಲಿ ಮೇಷ್ಟ್ರು, ಇಳಿದವರು ಮತ್ತೆ ಹತ್ತಿದ್ದೇಕೆ ಎಂದು ಕೇಳಿದರು. ಊದಿದ ತುಟಿಯಲ್ಲೇ ಅಣ್ಣ ಹೇಳಿದರು: “ನನ್ ಚಾಕು ಬಿಟ್ ಬಂದಿದ್ದೆ ಸಾ.” ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಮೂರನೇ ದಿನ ಅವರು ಹೋದರು.

ಚಾಕುವಿಗಾಗಿ ಪ್ರಾಣ ಕಳೆದುಕೊಂಡ ಪೆದ್ದ ಎಂದು ಕಾಲೇಜಿನಲ್ಲಿ ಮರುಗುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಿದ್ದೆ. ರಾತ್ರಿ ಫ್ಯಾನಿನ ಸದ್ದಿಗೂ ಬೆಚ್ಚಿ ಏಳುತ್ತಿದ್ದೆ.

ಎರಡು ತಿಂಗಳ ಮೇಲೆ ಗುತ್ತಲಿನ ಅವರ ಮನೆಗೆ ಹೋಗಿ ಅವರ ಹೆಂಡತಿಯ ಮುಂದೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ಚಾಕು ಅಲ್ಲೇ ಕಿಟಕಿ ಮ್ಯಾಲದೆ, ನೋಡು. ಅವತ್ತು ತಗಂಡೇ ಓಗಿರ್ನಿಲ್ಲ.” ಒಂದು ಕಲ್ಲು ಹೆಕ್ಕಿ ಎಸೆದರು. “ಯಾರ್ನೋ ಮರೆ ಮಾಡವ್ರೆ ಅಂತ ಗೊತ್ತಿತ್ತು. ಬರಕ್ಕೆ ಇಷ್ಟು ದಿನ ಬೇಕಾಯ್ತೇನವ್ವ?”

ಮರುದಿನ ವಿಭಾಗದಲ್ಲಿ ಎಲ್ಲರೆದುರು ನಿಂತು, ಎತ್ತರ ಬರೆಯಲು ಮರೆತವಳು ನಾನು ಎಂದೆ. ಅವತ್ತು ಗುರುವಾರ. ರಾತ್ರಿ ಫ್ಯಾನಿನಡಿ ಮಲಗಿದವಳಿಗೆ ಎಚ್ಚರವಾದಾಗ ಕಾಲಿನ ಮೇಲೆ ಬಿಸಿಲು ಬಿದ್ದಿತ್ತು.