ಜಪಾನ್ ಗೆದ್ದ ದಿನ

ಕೊಲ್ಲಿ ದೇಶದ ಬೌಷರ್‌ನಲ್ಲಿ ನಮ್ಮ ಎದುರು ಮನೆಯವರು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ನಾನೂ ಹೆಂಡತಿಯೂ ಕೆಲಸದಿಂದ ಬರುವವರೆಗೆ ಮಗಳು ಅವರ ಮನೆಯಲ್ಲೇ ಇರುತ್ತಿದ್ದಳು. ನಾನು ಬಾಯಮ್ಮ ಎಂದು ಕರೆಯುವ ಆ ಮನೆಯಾಕೆ ಅವಳಿಗೆ ಊಟ ಹಾಕಿ, ತಮ್ಮ ಮಗನ ಜೊತೆ ಪಾಠಕ್ಕೆ ಕೂರಿಸುತ್ತಿದ್ದರು. ಆರು ವರ್ಷ ಹೀಗೇ ನಡೆದಿತ್ತು.

ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಮಗಳ ಪಾಲಿಗೆ ಜಪಾನಿನ ಪಕ್ಷ ಬಂತು, ಅವರ ಮಗನಿಗೆ ಸ್ಪೇನಿನದು. ನಾಲ್ಕು ಶತಮಾನಗಳ ಹಿಂದೆ ಸಮುದ್ರ ವ್ಯಾಪಾರಕ್ಕಾಗಿ ಆ ಎರಡು ದೇಶಗಳ ನಡುವೆ ನಡೆದ ಜಟಾಪಟಿಯೇ ವಿಷಯ. ಸ್ಪೇನಿನ ಹಡಗೊಂದು ಜಪಾನಿನ ದಡದಲ್ಲಿ ಒಡೆದಾಗ ಅಲ್ಲಿನವರು ಸರಕು ಜಪ್ತಿ ಮಾಡಿದರು. ಆಗ ಹಡಗಿನ ನಾವಿಕನೊಬ್ಬ ನಕ್ಷೆ ಬಿಡಿಸಿ, ನಮ್ಮ ರಾಜ ಮೊದಲು ಪಾದ್ರಿಗಳನ್ನು ಕಳಿಸುತ್ತಾನೆ, ಆಮೇಲೆ ಸೈನ್ಯವನ್ನು ಎಂದು ಜಂಬ ಕೊಚ್ಚಿದನಂತೆ. ಸ್ವಲ್ಪ ದಿನಕ್ಕೇ ಜಪಾನಿನವರು ಪಾದ್ರಿಗಳನ್ನೂ ಅಲ್ಲಿನ ಕೆಲವು ಕ್ರಿಶ್ಚಿಯನ್ನರನ್ನೂ ಶಿಲುಬೆಗೇರಿಸಿದರು.

ಹತ್ತಿರದ ಘಾಲಾದ ಗೋದಾಮಿಗೆ ಬರುವ ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸುವುದು ನನ್ನ ಕೆಲಸ. ಕೇಳಿದ್ದಕ್ಕಿಂತ ಒಂದು ಅಕ್ಷರವೂ ಹೆಚ್ಚು ಹೇಳಬಾರದು ಎಂಬುದು ನಮ್ಮ ಮೊದಲ ಪಾಠ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ನಾವಿಕನ ಮೂರ್ಖತನ ಓದಿ ನನಗೆ ಹುರುಪು ಬಂತು. ಸ್ಪೇನಿನವನು ಸತ್ತವರ ಮಾತೆತ್ತಿದರೆ ಇದನ್ನು ಹೇಳು ಎಂದು ಮಗಳಿಗೆ ಒಂದು ವಾಕ್ಯ ಬಾಯಿಪಾಠ ಮಾಡಿಸಿದೆ. ಬಾಯಮ್ಮನ ಅಣ್ಣ ಪಾದ್ರಿ ಎಂಬುದು ನೆನಪಿಗೂ ಬರಲಿಲ್ಲ.

ಹುಡುಗ ಸತ್ತವರ ಮಾತೆತ್ತಿದ. ಮಗಳು ಇಂಗ್ಲಿಷಿನಲ್ಲಿ ತಟ್ಟನೆ ಉತ್ತರಿಸಿದಳು: ಪಾದ್ರಿಯೂ ಒಂದು ಸರಕೇ, ಒಳಗೇನಿದೆ ಎಂದು ನೋಡದೆ ದಡಕ್ಕೆ ಇಳಿಸಬಾರದು. ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಪಕ್ಕದಲ್ಲಿ ಕೂತಿದ್ದ ಬಾಯಮ್ಮ ವೇದಿಕೆ ನೋಡುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಎರಡು ಮನೆಯವರೂ ಒಂದೇ ಕಾರಿನಲ್ಲಿ ವಾಪಸು ಬಂದೆವು. ಗೆದ್ದ ಕಪ್ಪನ್ನು ಮಗಳು ಕಾಲಬುಡದಲ್ಲಿ ಇಟ್ಟುಕೊಂಡಿದ್ದಳು. ತಪ್ಪಾಯಿತು ಎನ್ನಬೇಕು ಅನಿಸಿತು. ಮಕ್ಕಳ ಚರ್ಚೆಗೆ ದೊಡ್ಡವರು ಯಾಕೆ ಮುಖ ಊದಿಸಬೇಕು ಎಂಬ ಹಟವೂ ಬಂತು. ಹಟವೇ ಗೆದ್ದಿತು. ಆದರೆ ನಾಳೆ ಅವರು ಮಗಳನ್ನು ಒಳಗೆ ಬಿಟ್ಟುಕೊಳ್ಳದಿದ್ದರೆ ಎಂಬ ಹೆದರಿಕೆ ಬಿಡಲಿಲ್ಲ.

ಮರುದಿನ ಅರ್ಧ ದಿನ ರಜೆ ಹಾಕಿ, ಶಾಲೆಯಿಂದ ಬಂದ ಮಗಳೊಂದಿಗೆ ನಾನೇ ಹೋಗಿ ಬೆಲ್ ಒತ್ತಿದೆ. ಬಾಯಮ್ಮ ಬಾಗಿಲು ತೆರೆದರು. ಅವಳ ಬ್ಯಾಗು ತೆಗೆದುಕೊಂಡು, ಕೈ ತೊಳೆದುಕೋ, ಊಟ ಆರುತ್ತದೆ ಎಂದು ಒಳಗೆ ಕಳಿಸಿದರು. ನನ್ನೊಂದಿಗೆ ಅವರ ಮಾತು ಯಾವಾಗಲೂ ಸಲಿಗೆಯ ತುಳುವಿನಲ್ಲಿ. ಅವತ್ತು ಕನ್ನಡದಲ್ಲಿ ಹೇಳಿದರು.

“ಅದು ಮಗುವಿನ ಮಾತಲ್ಲ, ನಂಗೆ ಗೊತ್ತುಂಟು. ಅವಳು ದಿನಾ ಬರ್ಲಿ. ನೀವು ಮಾತ್ರ ಬರುವುದು ಬೇಡ.”

ಸಂಜೆ ಅವಳನ್ನು ಕರೆತರಲು ಇಂದಿಗೂ ಹೆಂಡತಿಯೇ ಹೋಗುತ್ತಾಳೆ.